ಅಂಗಾತ ಮಲಗಿ ಆಡುವ ಆಟ: ಜಿಯು ಜಿಟ್ಸು ಗಾರ್ಡ್‌ನ ಸ್ವೀಪ್, ಸಬ್ಮಿಷನ್, ಪಾಸ್

ಕುಸ್ತಿ ಅಖಾಡದಲ್ಲಿ ಎರಡೂ ಭುಜ ಮಣ್ಣಿಗೆ ತಾಗಿದರೆ ಚಿತ್, ಆಟ ಮುಗಿಯಿತು. ನೆಲದ ಮೇಲೆ ಹಿಡಿದು ಮಣಿಸುವ ಬ್ರೆಜಿಲಿಯನ್ ಜಿಯು ಜಿಟ್ಸುವಿನಲ್ಲಿ ಅರ್ಧ ಆಟ ಶುರುವಾಗುವುದೇ ಅಲ್ಲಿಂದ. ಕೋಟೆ ಮಾರಿಕಾಂಬೆ ಜಾತ್ರೆಯ ಕುಸ್ತಿ ನೋಡುತ್ತ ಬೆಳೆದ ಶಿವಮೊಗ್ಗದವರಿಗೆ, ಗರಡಿಯಲ್ಲಿ ಮೈ ಪಳಗಿಸಿಕೊಂಡವರಿಗೆ, ಕಾಲೇಜಿನಲ್ಲಿ ಕಬಡ್ಡಿ ಆಡಿದವರಿಗೆ ಮ್ಯಾಟ್ ಮೇಲೆ ಮೊದಲ ತೊಡಕು ಇದೇ. ಬೆನ್ನು ನೆಲಕ್ಕೆ ತಾಗಿದ ಕೂಡಲೇ ಗಾಬರಿಯಾಗಿ ಬೋರಲಾಗುತ್ತಾರೆ. ಬೋರಲಾದರೆ ಎದುರಾಳಿಗೆ ಬೆನ್ನು ಸಿಕ್ಕಿತು. ಎರಡೂ ಕಾಲು ಒಳಗೆ ಕೊಕ್ಕೆ ಹಾಕಿ ಮೂರು ಸೆಕೆಂಡು ನಿಂತರೆ ನಾಲ್ಕು ಅಂಕ, ಅದರ ಹಿಂದೆಯೇ ಕುತ್ತಿಗೆಗೆ ಕೈ. ಆದ್ದರಿಂದ ಮೊದಲ ನಿಯಮ: ಬಿದ್ದರೆ ಅಂಗಾತವೇ ಇರಿ, ಎದುರಾಳಿಯನ್ನು ಎರಡು ಕಾಲಿನ ನಡುವೆ ಇಟ್ಟುಕೊಳ್ಳಿ. ಆ ಸ್ಥಿತಿಗೇ ಗಾರ್ಡ್ ಅನ್ನುವುದು. ಕಾಲುಗಳನ್ನು ಎದುರಾಳಿಯ ಬೆನ್ನ ಹಿಂದೆ ಕತ್ತರಿ ಹಾಕಿ ಬಿಗಿದರೆ ಕ್ಲೋಸ್ಡ್ ಗಾರ್ಡ್.

ಇಲ್ಲಿ ಹೇಳುವುದೆಲ್ಲ ಗಿ, ಎಂದರೆ ಜೂಡೊದವರು ತೊಡುವಂಥ ದಪ್ಪ ಬಟ್ಟೆಯ ಅಂಗಿ-ಪ್ಯಾಂಟ್, ತೊಟ್ಟು ಆಡುವ ಆಟಕ್ಕೆ, ಮತ್ತು ಹೆಚ್ಚಿನದು ಕ್ಲೋಸ್ಡ್ ಗಾರ್ಡ್‌ನಿಂದ. ಹೊಸಬರು ಕಾಲು ಬಿಗಿಯದೆ ಆಡುವ ಓಪನ್ ಗಾರ್ಡ್‌ನ ಹತ್ತಾರು ಬಗೆಯನ್ನು ವಿಡಿಯೊದಲ್ಲಿ ನೋಡಿ ಅದಕ್ಕೇ ಕೈ ಹಾಕುತ್ತಾರೆ. ಕ್ಲೋಸ್ಡ್ ಗಾರ್ಡ್ ಕೈವಶವಾಗದೆ ಅದು ದಕ್ಕುವುದಿಲ್ಲ. ಕೆಳಗಿದ್ದವರು ಎದುರಾಳಿಯನ್ನು ಉರುಳಿಸಿ ಮೇಲೆ ಬರುವುದು ಸ್ವೀಪ್, ಕೀಲು ತಿರುಚಿಯೋ ಕುತ್ತಿಗೆ ಬಿಗಿದೋ ಸೋಲೊಪ್ಪಿಸುವುದು ಸಬ್ಮಿಷನ್, ಮೇಲಿದ್ದವರು ಆ ಕಾಲುಗಳನ್ನು ದಾಟಿ ಹೋಗುವುದು ಪಾಸ್. ಸ್ವೀಪ್ ಒಂದು ಪಾಠ, ಸಬ್ಮಿಷನ್ ಇನ್ನೊಂದು, ಪಾಸ್ ಮತ್ತೊಂದು ಎಂದು ಕಲಿಯುವ ಅಭ್ಯಾಸವನ್ನೂ ಬಿಡಬೇಕು. ಸ್ವೀಪ್ ತಪ್ಪಿಸಿಕೊಳ್ಳಲು ಎದುರಾಳಿ ಚಾಚುವ ಕೈಯೇ ನಿಮ್ಮ ಸಬ್ಮಿಷನ್. ಸಬ್ಮಿಷನ್ ತಪ್ಪಿಸಲು ಹಿಂದೆ ಎಳೆದುಕೊಳ್ಳುವ ಮೈಯೇ ನಿಮ್ಮ ಸ್ವೀಪ್. ಇದನ್ನು ಜೋಡಿಯಾಗಿ ಕಲಿತವರು ಆರು ತಿಂಗಳಲ್ಲಿ ಗಾರ್ಡ್ ಆಡುತ್ತಾರೆ. ಬಿಡಿಬಿಡಿಯಾಗಿ ಕಲಿತವರ ಹತ್ತಿರ ಪಟ್ಟು ಬೇಕಾದಷ್ಟಿರುತ್ತವೆ, ಯಾವುದೂ ಕೂಡಿಬರುವುದಿಲ್ಲ.

ಆಸರೆ ತೆಗೆಯದೆ ಯಾರೂ ಉರುಳುವುದಿಲ್ಲ

ಮಂಡಿಯೂರಿ ಕೂತ ಎದುರಾಳಿಗೆ ನಾಲ್ಕು ಆಸರೆ: ಎರಡು ಮಂಡಿ, ಎರಡು ಕೈ. ಅಡಿಕೆ ಚಪ್ಪರದ ಒಂದೇ ಬದಿಯ ಎರಡು ಕಂಬ ತೆಗೆದರೆ ಅದು ಆ ಕಡೆಗೇ ವಾಲುವ ಹಾಗೆ, ಎದುರಾಳಿಯ ಬಲಗೈ ಮತ್ತು ಬಲಮಂಡಿ ಎರಡನ್ನೂ ಕಟ್ಟಿದರೆ ಬಲಕ್ಕೆ ಉರುಳದೆ ವಿಧಿಯಿಲ್ಲ. ಬಲಗೈ ಕಟ್ಟಿ ಎಡಮಂಡಿ ತಡೆದರೆ ಎಷ್ಟು ಒದ್ದರೂ ಏನೂ ಆಗದು. ಸ್ವೀಪ್ ಕೈಕೊಟ್ಟಾಗಲೆಲ್ಲ ಮೊದಲು ಕೇಳಿಕೊಳ್ಳಬೇಕಾದ್ದು ಇದು: ಒಂದೇ ಬದಿಯ ಕೈ ಕಾಲು ಎರಡೂ ನನ್ನ ವಶದಲ್ಲಿದ್ದವೇ?

ಅದಕ್ಕೂ ಮೊದಲು ಭಂಗಿ ಮುರಿಯಬೇಕು. ಬೆನ್ನು ನೆಟ್ಟಗಿಟ್ಟು, ತಲೆ ಎತ್ತಿ ಕೂತ ಎದುರಾಳಿಯ ಮೇಲೆ ಯಾವ ಪಟ್ಟೂ ನಡೆಯುವುದಿಲ್ಲ. ಕೈಯಿಂದ ಮಾತ್ರ ಎಳೆಯಬೇಡಿ. ಕಾಲರ್ ಹಿಡಿದು, ಎರಡೂ ಮಂಡಿಯನ್ನು ನಿಮ್ಮ ಎದೆಯತ್ತ ಎಳೆದುಕೊಳ್ಳಿ. ತೊಡೆಯ ಬಲಕ್ಕೆ ಎದುರಾಳಿಯ ಬೆನ್ನು ಬಾಗುತ್ತದೆ, ಕೈ ಬರೀ ಬಾಗಿದ್ದನ್ನು ಹಿಡಿದಿಟ್ಟುಕೊಳ್ಳುತ್ತದೆ. ತೋಟದ ಕೆಲಸ ಮಾಡಿದವರ ಹಿಡಿತ ನಿಜಕ್ಕೂ ಗಟ್ಟಿ. ಆದರೆ ಅವರೇ ಹಿಡಿತ ನೆಚ್ಚಿ ಎಲ್ಲವನ್ನೂ ಕೈಯಲ್ಲೇ ಮಾಡಲು ಹೋಗುತ್ತಾರೆ. ಮೂರನೇ ನಿಮಿಷಕ್ಕೆ ಮುಂಗೈ ಬಿಗಿದು ಬೆರಳು ಮಡಚುವುದೇ ಇಲ್ಲ.

ಹಿಡಿತದ ಬಗ್ಗೆ ಒಂದು ಎಚ್ಚರಿಕೆ: ಗಿಯ ತೋಳಿನ ಬಾಯೊಳಗೆ, ಪ್ಯಾಂಟಿನ ಬಾಯೊಳಗೆ ಬೆರಳು ತೂರಿಸಬೇಡಿ. ಸ್ಪರ್ಧೆಯಲ್ಲಿ ಅದು ನಿಷಿದ್ಧ. ಅದಕ್ಕಿಂತ ಮುಖ್ಯವಾಗಿ, ಎದುರಾಳಿ ಕೈ ತಿರುಗಿಸಿದರೆ ಬಟ್ಟೆ ಸುತ್ತಿಕೊಂಡು ಬೆರಳಿನ ಗೆಣ್ಣು ಹೋಗುತ್ತದೆ. ಬಟ್ಟೆಯನ್ನು ಹೊರಗಿನಿಂದ ಮುದುರಿ ಮುಷ್ಟಿಯಲ್ಲಿ ಹಿಡಿಯಿರಿ.

ಸಿಸರ್ ಸ್ವೀಪ್

ಮೊದಲು ಕಲಿಯಬೇಕಾದ ಸ್ವೀಪ್ ಇದು. ಗಾರ್ಡ್‌ನ ಎಲ್ಲ ತತ್ವವೂ ಇದೊಂದರಲ್ಲೇ ಸಿಗುತ್ತದೆ. ಇಲ್ಲಿ ಎದುರಾಳಿಯನ್ನು ಅವರ ಬಲಕ್ಕೆ, ಎಂದರೆ ನಿಮ್ಮ ಎಡಕ್ಕೆ ಉರುಳಿಸುತ್ತೇವೆ.

1. ನಿಮ್ಮ ಬಲಗೈ ಅಡ್ಡ ಹೋಗಿ ಎದುರಾಳಿಯ ಬಲ ಕಾಲರ್ ಹಿಡಿಯಲಿ. ನಾಲ್ಕು ಬೆರಳು ಒಳಗೆ, ಹೆಬ್ಬೆರಳು ಹೊರಗೆ, ಕುತ್ತಿಗೆಯ ಪಕ್ಕಕ್ಕೆ ಎಷ್ಟು ಆಳಕ್ಕೆ ಹೋದರೆ ಅಷ್ಟು ಒಳ್ಳೆಯದು. ಎಡಗೈ ಅವರ ಬಲ ತೋಳಿನ ಬಟ್ಟೆಯ ತುದಿಯನ್ನು ಮುಷ್ಟಿಯಲ್ಲಿ ಹಿಡಿಯಲಿ.

2. ಕಾಲಿನ ಕತ್ತರಿ ಬಿಚ್ಚಿ. ಎಡ ಸೊಂಟದ ಮೇಲೆ ಒರಗಿ, ಸೊಂಟವನ್ನು ಬಲಕ್ಕೆ ಒಂದು ಗೇಣು ಸರಿಸಿ. ಬೆನ್ನು ಪೂರ್ತಿ ನೆಲದ ಮೇಲಿದ್ದರೆ ಮುಂದಿನದು ಯಾವುದೂ ಆಗುವುದಿಲ್ಲ.

3. ಬಲ ಮೊಣಕಾಲಿನ ಕೆಳಭಾಗವನ್ನು ಎದುರಾಳಿಯ ಹೊಟ್ಟೆಗೆ ಅಡ್ಡ ಹಾಕಿ. ಮಂಡಿ ಅವರ ಬಲ ಎದೆಯತ್ತ, ಪಾದ ಅವರ ಎಡ ಪಕ್ಕೆಗೆ ಕೊಕ್ಕೆಯಾಗಿ. ಎಡಗಾಲು ನೆಲಕ್ಕೆ ಚಪ್ಪಟೆ, ಅವರ ಬಲಮಂಡಿಯ ಹೊರಗೆ ತಾಗಿಕೊಂಡು.

4. ಕಾಲರ್ ಮತ್ತು ತೋಳು ಎರಡನ್ನೂ ನಿಮ್ಮ ತಲೆಯ ಕಡೆ ಎಳೆಯಿರಿ. ಎದುರಾಳಿಯ ಭಾರ ಹಿಮ್ಮಡಿಯಿಂದ ಎದ್ದು ನಿಮ್ಮ ಮೊಣಕಾಲಿನ ಮೇಲೆ ಬರಬೇಕು.

5. ಭಾರ ಬಂದ ಕ್ಷಣವೇ ಬಲಗಾಲು ಎಡಕ್ಕೆ ತಳ್ಳಲಿ, ಎಡಗಾಲು ನೆಲಕ್ಕೆ ಒರೆಸಿದಂತೆ ಬಲಕ್ಕೆ ಎಳೆಯಲಿ. ಹಿಡಿತ ಬಿಡದೆ ಅವರ ಜೊತೆಯಲ್ಲೇ ಉರುಳಿ ಮೇಲೆ ಬನ್ನಿ. ಸರಿಯಾಗಿ ಆದರೆ ನೇರ ಮೌಂಟ್‌ನಲ್ಲಿ ಕೂತಿರುತ್ತೀರಿ, ಎಂದರೆ ಎದುರಾಳಿಯ ಹೊಟ್ಟೆಯ ಮೇಲೆ ಆಚೀಚೆ ಕಾಲು ಹಾಕಿ.

ಕೆಡುವುದು ಹೆಚ್ಚಾಗಿ ನಾಲ್ಕನೇ ಹೆಜ್ಜೆಯಲ್ಲಿ. ಎಳೆಯದೆ ಕಾಲು ಬೀಸುತ್ತಾರೆ. ಭಾರ ಹಿಮ್ಮಡಿಯ ಮೇಲೇ ಇರುವುದರಿಂದ ಕಾಲು ಎದುರಾಳಿಯ ಹೊಟ್ಟೆಗೆ ತಾಗಿ ನಿಲ್ಲುತ್ತದೆ, ಅಷ್ಟೆ. ಎರಡನೆಯದು, ತೋಳಿನ ಹಿಡಿತ ಸಡಿಲವಾಗಿ ಎದುರಾಳಿ ಬಲಗೈ ನೆಲಕ್ಕೆ ಊರುವುದು. ತೋಳನ್ನು ಎದೆಗೆ ಎಳೆದುಕೊಂಡು ಮೊಣಕೈಯನ್ನು ನಿಮ್ಮ ಪಕ್ಕೆಗೆ ಅಂಟಿಸಿಕೊಂಡರೆ ಅದು ತಪ್ಪುತ್ತದೆ. ಮೂರನೆಯದು, ಅಡ್ಡ ಹಾಕಿದ ಮಂಡಿ ಬೆಲ್ಟಿನ ಮಟ್ಟಕ್ಕೆ ಜಾರುವುದು. ಆಗ ಎದುರಾಳಿ ಅದನ್ನು ಕೆಳಗೆ ಒತ್ತಿ ಪಾಸ್ ಮಾಡಿಬಿಡುತ್ತಾರೆ.

ಎದುರಾಳಿ ಬಲಮಂಡಿಯನ್ನು ದೂರಕ್ಕೆ ಚಾಚಿ ಅಗಲವಾಗಿ ಕೂತರೆ ಎಡಗಾಲಿನ ಕತ್ತರಿ ಎಟುಕುವುದಿಲ್ಲ. ಆಗ ಎಡ ಪಾದವನ್ನು ಅವರ ಬಲಮಂಡಿಯ ಮೇಲಿಟ್ಟು ನೇರ ಹಿಂದಕ್ಕೆ ತಳ್ಳಿ, ಉಳಿದದ್ದೆಲ್ಲ ಹಾಗೇ. ಮಂಡಿ ಹಿಂದೆ ಜಾರಿ ಅದೇ ಬದಿಗೆ ಬೀಳುತ್ತಾರೆ. ಸಿಸರ್‌ಗಿಂತ ಹೆಚ್ಚು ಸಲ ಕೆಲಸಕ್ಕೆ ಬರುವುದು ಈ ಪುಶ್ ಸ್ವೀಪ್.

ಹಿಂದಕ್ಕೆ ವಾಲಿದರೆ: ಹಿಪ್ ಬಂಪ್, ಕಿಮುರಾ, ಗಿಲೋಟಿನ್

ಒಂದೆರಡು ಸಲ ಮುಂದಕ್ಕೆ ಎಳೆಸಿಕೊಂಡ ಎದುರಾಳಿ ಖಂಡಿತ ಹಿಂದಕ್ಕೆ ವಾಲಿ ನೆಟ್ಟಗೆ ಕೂರುತ್ತಾರೆ. ಅದಕ್ಕೇ ಕಾಯುತ್ತಿರಿ. ಕತ್ತರಿ ಬಿಚ್ಚಿ, ಎಡಗೈ ನಿಮ್ಮ ಹಿಂದೆ ನೆಲಕ್ಕೆ ಊರಿ ಎದ್ದು ಕೂತುಕೊಳ್ಳಿ. ಬಲಗೈ ಎದುರಾಳಿಯ ಬಲಭುಜದ ಮೇಲಿಂದ ಹೋಗಿ ಅವರ ತೋಳನ್ನು ಹೊರಗಿನಿಂದ ಬಳಸಲಿ. ಎದೆಗೆ ಎದೆ ತಾಗಬೇಕು. ಎರಡೂ ಪಾದ ನೆಲಕ್ಕೆ ಒತ್ತಿ ಸೊಂಟವನ್ನು ಮೇಲಕ್ಕೆತ್ತಿ ಅವರ ಹೊಟ್ಟೆಗೆ ಗುದ್ದಿ, ಹಾಗೇ ಎಡಕ್ಕೆ ತಿರುಗಿ. ಗುದ್ದು ಬೇಕಾದ್ದು ಸೊಂಟದಿಂದ. ಭುಜದಿಂದ ತಳ್ಳಿದರೆ ಸಣ್ಣ ಮೈಯವರು ದೊಡ್ಡವರನ್ನು ಅಲುಗಿಸಲೂ ಆಗದು.

ಇಲ್ಲಿಂದ ಮೂರು ದಾರಿ ಒಡೆಯುತ್ತವೆ. ಎದುರಾಳಿ ಏನೂ ಮಾಡದಿದ್ದರೆ ಉರುಳುತ್ತಾರೆ. ಬೀಳದಿರಲು ಬಲಗೈ ಹಿಂದೆ ನೆಲಕ್ಕೆ ಊರಿದರೆ ಆ ಕೈ ಭುಜ ತಿರುಚುವ ಕಿಮುರಾಕ್ಕೆ ಸಿಕ್ಕಿತು. ತಲೆ ತಗ್ಗಿಸಿ ನಿಮ್ಮನ್ನು ಮತ್ತೆ ನೆಲಕ್ಕೆ ಒತ್ತಲು ಬಂದರೆ, ಭುಜದ ಮೇಲೆ ಹೋದ ಅದೇ ಬಲಗೈ ಕುತ್ತಿಗೆ ಬಳಸಿ ಗಿಲೋಟಿನ್ ಆಗುತ್ತದೆ.

ಕಿಮುರಾಕ್ಕೆ ನಿಮ್ಮ ಎಡಗೈ ಅವರ ಬಲ ಮಣಿಕಟ್ಟನ್ನು ಹಿಡಿಯಲಿ. ಹೆಬ್ಬೆರಳನ್ನು ಉಳಿದ ಬೆರಳುಗಳ ಜೊತೆಗೇ ಇಟ್ಟುಕೊಂಡರೆ ಹಿಡಿತ ಜಾರದು. ಭುಜದ ಮೇಲಿಂದ ಬಂದ ಬಲಗೈ ಅವರ ತೋಳಿನ ಕೆಳಗೆ ತೂರಿ ನಿಮ್ಮದೇ ಎಡ ಮಣಿಕಟ್ಟನ್ನು ಹಿಡಿಯಲಿ. ಈಗ ಬೆನ್ನಿಗೆ ಮರಳಿ, ಸೊಂಟ ಪಕ್ಕಕ್ಕೆ ಸರಿಸಿ ಎದುರಾಳಿಯ ಮೈಗೆ ಓರೆಯಾಗಿ. ಒಂದು ಕಾಲನ್ನು ಅವರ ಬೆನ್ನ ಮೇಲೆ ಹಾಕಿ, ಇಲ್ಲವಾದರೆ ಮುಂದಕ್ಕೆ ಪಲ್ಟಿ ಹೊಡೆದು ತಪ್ಪಿಸಿಕೊಳ್ಳುತ್ತಾರೆ. ಅವರ ಮೊಣಕೈ 90 ಡಿಗ್ರಿ ಮಡಚಿ ನಿಮ್ಮ ಎದೆಗೆ ಅಂಟಿರಬೇಕು. ಆಮೇಲೆ ಮಣಿಕಟ್ಟನ್ನು ಅವರ ಬೆನ್ನ ಹಿಂದಿನಿಂದ ತಲೆಯ ಕಡೆ ನಿಧಾನವಾಗಿ ಎತ್ತಿ. ನೋವು ಬರುವುದು ಭುಜಕ್ಕೆ. ಮೊಣಕೈ ಎದೆಯಿಂದ ದೂರ ಹೋದರೆ ಎಷ್ಟು ತಿರುಚಿದರೂ ಭುಜಕ್ಕೆ ಒತ್ತಡ ತಲುಪದು.

ಈ ಪಟ್ಟಿಗೆ ಹೆಸರು ಬಂದದ್ದು ಜಪಾನಿನ ಜೂಡೊ ಪಟು ಮಸಾಹಿಕೊ ಕಿಮುರಾ ಅವರಿಂದ. 1951ರಲ್ಲಿ ರಿಯೊ ಡಿ ಜನೈರೊದ ಮರಕನಾ ಕ್ರೀಡಾಂಗಣದಲ್ಲಿ, ಬ್ರೆಜಿಲಿಯನ್ ಜಿಯು ಜಿಟ್ಸು ಕಟ್ಟಿದವರಲ್ಲಿ ಒಬ್ಬರಾದ ಎಲಿಯೊ ಗ್ರೇಸಿ ವಿರುದ್ಧ ಅವರು ಇದನ್ನೇ ಹಾಕಿದರು. ಗ್ರೇಸಿ ಟ್ಯಾಪ್ ಮಾಡಲಿಲ್ಲ, ಎಂದರೆ ತಟ್ಟಿ ಸೋಲೊಪ್ಪಲಿಲ್ಲ, ಕೈ ಮುರಿಯಿತು, ಕೊನೆಗೆ ಅವರ ಕಡೆಯವರು ಟವೆಲ್ ಎಸೆದು ಪಂದ್ಯ ನಿಲ್ಲಿಸಬೇಕಾಯಿತು. ಅಭ್ಯಾಸದಲ್ಲಿ ಅಂಥ ಹಟಕ್ಕೆ ಜಾಗವಿಲ್ಲ. ಕಿಮುರಾದಲ್ಲಿ ನೋವು ಶುರುವಾಗುವುದಕ್ಕೂ ಭುಜದ ಸ್ನಾಯು ಹರಿಯುವುದಕ್ಕೂ ನಡುವೆ ಅಂತರ ಬಹಳ ಕಡಿಮೆ. ಹಾಕಿದವರು ನಿಧಾನಿಸಬೇಕು, ಸಿಕ್ಕಿಕೊಂಡವರು ಬೇಗ ತಟ್ಟಬೇಕು. ಕೈ ಎರಡೂ ಸಿಕ್ಕಿಹಾಕಿಕೊಂಡಿದ್ದರೆ ಕಾಲಿಂದ ನೆಲ ತಟ್ಟಿ, ಅಥವಾ ಬಾಯಲ್ಲಿ "ಟ್ಯಾಪ್" ಅನ್ನಿ.

ಗಿಲೋಟಿನ್‌ಗೆ ಹೆಚ್ಚು ಹೇಳಬೇಕಾಗಿಲ್ಲ: ಮಣಿಕಟ್ಟಿನ ಎಲುಬು ಗಂಟಲಿನ ಕೆಳಗೆ ಸೇರಲಿ, ಕಾಲು ಮತ್ತೆ ಕತ್ತರಿ ಹಾಕಿ, ಎದೆಯನ್ನು ಮುಂದೆ ತಂದು ಭುಜ ಮೇಲಕ್ಕೆ ಎತ್ತಿ. ಬರೀ ತೋಳಿನಿಂದ ಹಿಂಡುವವರು ತಾವೇ ಸುಸ್ತಾಗುತ್ತಾರೆ.

ಟ್ರಯಾಂಗಲ್ ಮತ್ತು ಆರ್ಮ್‌ಬಾರ್

ಕಾಲಿನಿಂದ ಕುತ್ತಿಗೆ ಬಿಗಿಯುವ ಟ್ರಯಾಂಗಲ್‌ಗೆ ಬೇಕಾದ್ದು ಎದುರಾಳಿಯ ಒಂದು ಕೈ ನಿಮ್ಮ ಕಾಲುಗಳ ಒಳಗೆ, ಇನ್ನೊಂದು ಹೊರಗೆ. ಎರಡೂ ತೋಳು ಹಿಡಿದಿದ್ದೀರಿ ಎಂದುಕೊಳ್ಳಿ. ಅವರ ಎಡಗೈಯನ್ನು ಅವರ ಹೊಟ್ಟೆಯ ಕಡೆ ದೂಡಿ, ಬಲಗೈಯನ್ನು ನಿಮ್ಮತ್ತ ಎಳೆಯಿರಿ. ಸೊಂಟ ನೆಲದಿಂದೆತ್ತಿ ನಿಮ್ಮ ಬಲಗಾಲನ್ನು ಅವರ ಎಡಭುಜದ ಮೇಲಿಂದ ಕುತ್ತಿಗೆಯ ಹಿಂದಕ್ಕೆ ಅಡ್ಡ ಹಾಕಿ. ಎಡಗೈಯಲ್ಲಿ ನಿಮ್ಮ ಬಲ ಮೊಣಕಾಲಿನ ಕೆಳಗಿನ ಎಲುಬನ್ನು ಹಿಡಿದುಕೊಳ್ಳಿ. ಅವಸರದಲ್ಲಿ ಎಲ್ಲರೂ ಪಾದವನ್ನೇ ಹಿಡಿದು ಎಳೆಯುತ್ತಾರೆ. ಎದುರಾಳಿ ಮೈ ಎತ್ತಿದಾಗ ಪಾದದ ಕೀಲು ತಿರುಚಿ ವಾರಗಟ್ಟಲೆ ಕುಂಟಬೇಕಾಗುತ್ತದೆ.

ಕಾಲು ಕೂಡಲೇ ಬಿಗಿಯಬೇಡಿ. ಎಡ ಪಾದವನ್ನು ಅವರ ಸೊಂಟಕ್ಕೆ ಒತ್ತಿ, ನಿಮ್ಮ ಮೈಯನ್ನು ತಿರುಗಿಸಿ ಎದುರಾಳಿಗೆ ಓರೆಯಾಗಿ. ಮುಖಕ್ಕೆ ಮುಖ ನೋಡುತ್ತಿದ್ದರೆ ಕೋನ ಸಾಲದು. ಅವರ ಕಿವಿ ನಿಮ್ಮ ಕಣ್ಣಿಗೆ ನೇರ ಬರಬೇಕು. ಆಗ ಬಲ ಹರಡಿನ ಮೇಲೆ ಎಡ ಮಂಡಿಯ ಹಿಂಭಾಗ ಕೂರಿಸಿ, ಬಲ ಪಾದದ ಬೆರಳನ್ನು ನಿಮ್ಮತ್ತ ಬಿಗಿ ಹಿಡಿದು, ಮಂಡಿಗಳನ್ನು ಕೂಡಿಸಿ, ಅವರ ತಲೆಯನ್ನು ಎರಡೂ ಕೈಯಿಂದ ಕೆಳಗೆ ಎಳೆಯಿರಿ. ಕುತ್ತಿಗೆಯ ಒಂದು ಬದಿಯ ರಕ್ತನಾಳವನ್ನು ನಿಮ್ಮ ತೊಡೆ ಒತ್ತುತ್ತದೆ, ಇನ್ನೊಂದು ಬದಿಯದನ್ನು ಅವರದೇ ಭುಜ. ಸರಿಯಾಗಿ ಕೂತರೆ ಕೆಲವೇ ಸೆಕೆಂಡಿನಲ್ಲಿ ಪ್ರಜ್ಞೆ ತಪ್ಪುತ್ತದೆ, ಅದಕ್ಕೆ ಮೊದಲು ನೋವು ಬರಲೇಬೇಕು ಎಂದಿಲ್ಲ. "ಇನ್ನೂ ತಡೆಯಬಲ್ಲೆ" ಎಂದು ಕಾಯುವುದು ಇದರಲ್ಲಿ ಅಪಾಯ. ಜೊತೆಗಾರರು ಸದ್ದಿಲ್ಲದೆ ಮೆತ್ತಗಾದರೆ ಟ್ಯಾಪ್‌ಗೆ ಕಾಯದೆ ಬಿಟ್ಟುಬಿಡಿ.

ಎದುರಾಳಿ ಟ್ರಯಾಂಗಲ್‌ನಿಂದ ತಪ್ಪಿಸಿಕೊಳ್ಳಲು ಒಳಗಿದ್ದ ಬಲಗೈ ನೆಟ್ಟಗೆ ಮಾಡಿ ಮೈ ಎತ್ತಿದರೆ ಆ ಕೈ, ಮೊಣಕೈಯನ್ನು ಉಲ್ಟಾ ಬಗ್ಗಿಸುವ ಆರ್ಮ್‌ಬಾರ್‌ಗೆ ತಯಾರಾಗಿ ನಿಂತಿದೆ. ಕ್ಲೋಸ್ಡ್ ಗಾರ್ಡ್‌ನಿಂದ ನೇರವಾಗಿ ಹಾಕುವುದಾದರೆ ಹೀಗೆ: ಅವರ ಬಲಗೈಯನ್ನು ನಿಮ್ಮ ಎದೆಯ ನಡುಗೆರೆಗೆ ಎಳೆದಿಟ್ಟುಕೊಳ್ಳಿ, ಎಡ ಪಾದ ಅವರ ಬಲ ಸೊಂಟದ ಮೇಲೆ, ಬಲಗಾಲು ಅವರ ಎಡ ಕಂಕುಳಿನ ಕೆಳಗೆ ಬೆನ್ನಿನ ಮೇಲಕ್ಕೆ. ಪಾದ ಒತ್ತಿ ತಿರುಗಿ, ಎಡಗಾಲು ತಲೆಯ ಮೇಲಿಂದ ದಾಟಿ ಕೆನ್ನೆಯ ಪಕ್ಕ ಬರಲಿ. ಎರಡೂ ಹಿಮ್ಮಡಿ ಕೆಳಗೆ ಒತ್ತಿ, ಮಂಡಿ ಕೂಡಿಸಿ, ಅವರ ಹೆಬ್ಬೆರಳು ಮೇಲೆ ಇರುವಂತೆ ಮಣಿಕಟ್ಟು ಹಿಡಿದು ಸೊಂಟ ಎತ್ತಿ. ಎದುರಾಳಿಯ ಭುಜಕ್ಕೂ ನಿಮ್ಮ ಸೊಂಟಕ್ಕೂ ನಡುವೆ ಜಾಗ ಬಿಟ್ಟರೆ ಮೊಣಕೈ ಜಾರಿ ಹೊರಬರುತ್ತದೆ. ಎಲ್ಲ ವಿಫಲ ಆರ್ಮ್‌ಬಾರ್‌ಗೂ ಹೆಚ್ಚುಕಡಿಮೆ ಇದೇ ಕಾರಣ.

ಮೇಲಿದ್ದವರ ಕೆಲಸ: ಗಾರ್ಡ್ ಪಾಸ್

ಗಾರ್ಡ್ ಒಳಗೆ ಸಿಕ್ಕವರು ಮಾಡಬಾರದ್ದು ಎರಡು. ಕೈ ನೆಲಕ್ಕೆ ಊರಬಾರದು, ಅದು ಕಿಮುರಾಕ್ಕೆ ಆಹ್ವಾನ. ಒಂದು ಕೈ ಒಳಗೆ, ಒಂದು ಹೊರಗೆ ಇಡಬಾರದು, ಅದು ಟ್ರಯಾಂಗಲ್. ಎರಡೂ ಒಳಗೆ ಇರಲಿ, ಇಲ್ಲವೇ ಎರಡೂ ಹೊರಗೆ.

ಸರಿಯಾದ ಭಂಗಿ ಹೀಗಿರುತ್ತದೆ: ಬಲಗೈ ಎದುರಾಳಿಯ ಎರಡೂ ಕಾಲರನ್ನು ಎದೆಯ ಗೂಡಿನ ಮೇಲೆ ಕೂಡಿಸಿ ಹಿಡಿದು ನೆಟ್ಟಗೆ ಒತ್ತಿದೆ, ಎಡಗೈ ಸೊಂಟದ ಹತ್ತಿರ ಪ್ಯಾಂಟ್ ಹಿಡಿದಿದೆ, ಎರಡೂ ಮೊಣಕೈ ಅವರ ತೊಡೆಯೊಳಗೆ, ಬೆನ್ನು ನೇರ, ಕಣ್ಣು ಎದುರಿನ ಗೋಡೆಯ ಮೇಲೆ. ಕುಸ್ತಿಯಿಂದ ಬಂದವರು ತಲೆಯನ್ನು ಎದುರಾಳಿಯ ಎದೆಗೆ ಒತ್ತಿ ನೂಕುತ್ತಾರೆ. ಅಖಾಡದಲ್ಲಿ ಅದು ಬಲ, ಇಲ್ಲಿ ಅದು ಕುತ್ತಿಗೆಯನ್ನು ಕೈಗಿತ್ತಂತೆ.

ಕತ್ತರಿ ಬಿಚ್ಚಿಸಲು ನಿಲ್ಲುವುದೇ ಖಚಿತ ದಾರಿ. ಮೊದಲು ಅವರ ಒಂದು ತೋಳು ಹಿಡಿಯಿರಿ, ಇಲ್ಲವಾದರೆ ನೀವು ಏಳುವಾಗ ನಿಮ್ಮ ಹಿಮ್ಮಡಿ ಹಿಡಿದು ಹಿಂದಕ್ಕೆ ಕೆಡವುತ್ತಾರೆ. ತೋಳು ಹಿಡಿದ ಬದಿಯ ಕಾಲು ಮೊದಲು ಏಳಲಿ, ಆಮೇಲೆ ಇನ್ನೊಂದು. ಸೊಂಟ ಮುಂದೆ, ಬೆನ್ನು ನೇರ. ಬಿಡುವಾಗಿರುವ ಕೈಯಿಂದ ಅವರ ಮಂಡಿಯ ಒಳಭಾಗವನ್ನು ಕೆಳಗೆ ಒತ್ತುತ್ತ ನಿಮ್ಮ ಭಾರವನ್ನು ಆ ಕಡೆಗೇ ಹಾಕಿ. ಹಿಮ್ಮಡಿ ಬಿಚ್ಚಿಕೊಳ್ಳುತ್ತದೆ. ಬಿಚ್ಚಿದ ಕ್ಷಣ ಸುಮ್ಮನೆ ನಿಂತರೆ ಮತ್ತೆ ಕತ್ತರಿ ಬೀಳುತ್ತದೆ, ಆದ್ದರಿಂದ ಬಲಮಂಡಿ ಅವರ ಕಾಲುಗಳ ನಡುವೆ ತಕ್ಷಣ ಹೋಗಬೇಕು.

ಅಲ್ಲಿಂದ ನೀ ಕಟ್, ಎಂದರೆ ಮಂಡಿಯಿಂದ ಸೀಳಿ ಹೋಗುವ ಪಾಸ್. ನಿಮ್ಮ ಬಲಮಂಡಿ ಅವರ ಬಲತೊಡೆಯ ಮೇಲಿಂದ ಓರೆಯಾಗಿ ನಿಮ್ಮ ಎಡಗಡೆಯ ನೆಲಕ್ಕೆ ಜಾರಲಿ, ತೊಡೆ ಮ್ಯಾಟ್‌ಗೆ ಅಂಟಿಕೊಳ್ಳುತ್ತದೆ. ಬಲಗೈ ಅವರ ಎಡ ಕಂಕುಳಿನ ಕೆಳಗೆ ಅಂಡರ್‌ಹುಕ್, ಎಡಗೈ ಅವರ ಬಲ ತೋಳನ್ನು ಮೇಲಕ್ಕೆ ಎಳೆಯುತ್ತಿರಲಿ. ಎದೆ ಎದೆಗೆ ಒತ್ತಿ ಜಾರಿ ಹೊರಬಂದರೆ, ಪಕ್ಕದಿಂದ ಒತ್ತಿ ಹಿಡಿಯುವ ಸೈಡ್ ಕಂಟ್ರೋಲ್. ಈ ಪಾಸ್‌ನ ಜೀವ ಅಂಡರ್‌ಹುಕ್. ಅದನ್ನು ಕೆಳಗಿದ್ದವರು ಮೊದಲು ಪಡೆದರೆ ಅವರು ನಿಮ್ಮ ಬೆನ್ನಿಗೆ ಹತ್ತುತ್ತಾರೆ. ಅಂಡರ್‌ಹುಕ್ ಸಿಗದೆ ಮಂಡಿ ಜಾರಿಸಬೇಡಿ.

ಎದುರಾಳಿ ಪಾದಗಳನ್ನು ಸೊಂಟಕ್ಕೆ ಒತ್ತಿ ದೂರವಿಟ್ಟರೆ ನೀ ಕಟ್‌ಗೆ ಹತ್ತಿರ ಸೇರಲಾಗದು. ಆಗ ಟೊರಿಯಾಂಡೊ: ಎರಡೂ ಮಂಡಿಯ ಬಳಿ ಪ್ಯಾಂಟ್ ಹಿಡಿದು, ಕೈ ನೇರ ಮಾಡಿ ಕಾಲನ್ನು ಒಂದು ಕಡೆಗೆ ಒತ್ತಿ, ನೀವು ಇನ್ನೊಂದು ಕಡೆಗೆ ಹೆಜ್ಜೆ ಹಾಕಿ. ಕಾಲನ್ನು ಎಸೆದು ಕೈ ಬಿಡುವುದೇ ಇಲ್ಲಿಯ ದೊಡ್ಡ ತಪ್ಪು. ನಿಮ್ಮ ಭುಜ ಎದುರಾಳಿಯ ಎದೆಗೋ, ಮಂಡಿ ಹೊಟ್ಟೆಗೋ ತಾಗುವ ತನಕ ಒಂದಾದರೂ ಪ್ಯಾಂಟಿನ ಹಿಡಿತ ಉಳಿಯಬೇಕು.

ಅಂಕ ಮತ್ತು ಅಭ್ಯಾಸ

ಅಂತರರಾಷ್ಟ್ರೀಯ ಬ್ರೆಜಿಲಿಯನ್ ಜಿಯು ಜಿಟ್ಸು ಒಕ್ಕೂಟದ (ಐಬಿಜೆಜೆಎಫ್) ನಿಯಮದಲ್ಲಿ ಸ್ವೀಪ್‌ಗೆ 2, ಗಾರ್ಡ್ ಪಾಸ್‌ಗೆ 3, ಹೊಟ್ಟೆಯ ಮೇಲೆ ಮಂಡಿಗೆ 2, ಮೌಂಟ್‌ಗೆ ಮತ್ತು ಬೆನ್ನು ಹಿಡಿತಕ್ಕೆ ತಲಾ 4. ಯಾವುದಾದರೂ ಮೂರು ಸೆಕೆಂಡು ನಿಲ್ಲಿಸಿದರೆ ಮಾತ್ರ ಲೆಕ್ಕ. ವಯಸ್ಕರ ಬಿಳಿ ಬೆಲ್ಟ್ ಪಂದ್ಯ 5 ನಿಮಿಷ. ಮಣಿಕಟ್ಟಿನ ಲಾಕ್ ಬಿಳಿ ಬೆಲ್ಟ್‌ಗೆ ಇಲ್ಲ. ಮಕ್ಕಳಿಗೆ ನಿಷಿದ್ಧ ಪಟ್ಟುಗಳ ಪಟ್ಟಿ ಬೇರೆಯೇ ಇದೆ, ಸ್ಪರ್ಧೆಗೆ ಮೊದಲು ಅದನ್ನು ಓದಿಸಿ.

ಅಭ್ಯಾಸಕ್ಕೆ ಹೀಗೊಂದು ಕ್ರಮ ಹಿಡಿಯಿರಿ. ಸೊಂಟ ಜಾರಿಸುವ ಶ್ರಿಂಪ್ ಮ್ಯಾಟ್‌ನ ಉದ್ದಕ್ಕೆ ನಾಲ್ಕು ಸಲ. ಆಮೇಲೆ ಒಂದು ಸ್ವೀಪ್ ಮತ್ತು ಅದರ ಜೋಡಿ ಸಬ್ಮಿಷನ್, ಎರಡೂ ಬದಿಗೆ ಹತ್ತತ್ತು ಸಲ. ಜೊತೆಗಾರರು ಮೊದಲ ಐದು ಸಲ ಸುಮ್ಮನಿರಲಿ, ಉಳಿದ ಐದರಲ್ಲಿ ತಮಗೆ ಬೇಕಾದ ಪ್ರತಿಕ್ರಿಯೆ ಕೊಡಲಿ. ಕೈ ಊರಿದರೆ ಕಿಮುರಾ, ಊರದಿದ್ದರೆ ಸ್ವೀಪ್. ಕಣ್ಣಿಗಿಂತ ಮೊದಲು ಮೈಗೆ ಅದು ತಿಳಿಯಬೇಕು. ಕೊನೆಗೆ ಕ್ಲೋಸ್ಡ್ ಗಾರ್ಡ್‌ನಿಂದಲೇ ಶುರುವಾಗುವ ಮೂರು ನಿಮಿಷದ ಸುತ್ತು: ಕೆಳಗಿದ್ದವರು ಸ್ವೀಪ್ ಅಥವಾ ಸಬ್ಮಿಷನ್ ಮಾಡಿದರೆ, ಮೇಲಿದ್ದವರು ಪಾಸ್ ಮಾಡಿದರೆ ನಿಲ್ಲಿಸಿ ಮತ್ತೆ ಮೊದಲಿನಿಂದ. ಇಂಥ ಮೂರು ಸುತ್ತು, ಗುರಿಯಿಲ್ಲದ ಅರ್ಧ ಗಂಟೆ ಸುಮ್ಮನೆ ಸೆಣಸುವ ರೋಲಿಂಗ್‌ಗಿಂತ ಹೆಚ್ಚು ಕಲಿಸುತ್ತದೆ.

ಮಲೆನಾಡಿನ ಮಳೆಯಲ್ಲಿ ಮ್ಯಾಟ್ ಮತ್ತು ಗಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ದಪ್ಪ ಹತ್ತಿಯ ಗಿ ಎರಡು ದಿನಕ್ಕೂ ಒಣಗುವುದಿಲ್ಲ. ಅರೆಬರೆ ಒಣಗಿದ್ದನ್ನು ತೊಟ್ಟರೆ ವಾಸನೆ ಮಾತ್ರವಲ್ಲ, ಹುಳಕಡ್ಡಿ ಗ್ಯಾರಂಟಿ. ಆಗುವುದಾದರೆ ಎರಡು ಗಿ ಇಟ್ಟುಕೊಳ್ಳಿ, ಮಳೆಗಾಲಕ್ಕೆ ತೆಳು ನೇಯ್ಗೆಯದು. ತರಗತಿ ಮುಗಿದ ರಾತ್ರಿಯೇ ಒಗೆದು, ಎರಡು ಸಲ ಹಿಂಡಿ, ತೋಳಿನೊಳಗೆ ಕೋಲು ತೂರಿಸಿ ಅಗಲ ಮಾಡಿ ಫ್ಯಾನ್ ಕೆಳಗೆ ನೇತುಹಾಕಿ. ಕಾಲರ್ ಕೊನೆಗೆ ಒಣಗುವುದು, ಮುಟ್ಟಿ ನೋಡಬೇಕಾದ್ದು ಅದನ್ನೇ. ಬಚ್ಚಲೊಲೆಯ ಮೇಲೆ ಅಡಿಕೆ ಒಣಗಿಸುವಂತೆ ಹಾಕುವವರಿದ್ದಾರೆ. ಬಟ್ಟೆ ಕುಗ್ಗುತ್ತದೆ, ತೋಳು ಗಿಡ್ಡವಾದರೆ ಸ್ಪರ್ಧೆಯಲ್ಲಿ ಅಳತೆಗೆ ನಿಲ್ಲದು.

ಸಿಮೆಂಟ್ ನೆಲದ ಮೇಲೆ ಹಾಸಿದ ಫೋಮ್ ಮ್ಯಾಟ್‌ಗಳ ಅಡಿಯಲ್ಲಿ ಮಳೆಗಾಲದಲ್ಲಿ ತೇವ ಏರುತ್ತದೆ. ಮೇಲೆ ಒಣಗಿದ್ದರೂ ಎತ್ತಿ ನೋಡಿದರೆ ಅಡಿಯಲ್ಲಿ ಕಪ್ಪು ಬೂಷ್ಟು. ವಾರಕ್ಕೊಮ್ಮೆ ಎಲ್ಲ ಮ್ಯಾಟ್ ಎತ್ತಿ ಗೋಡೆಗೆ ಒರಗಿಸಿ, ನೆಲ ಒರೆಸಿ ಒಣಗಿಸಿ. ಪ್ರತಿ ತರಗತಿಯ ನಂತರ 5 ಶೇಕಡ ಬ್ಲೀಚ್ ದ್ರಾವಣದ ಒಂದು ಪಾಲಿಗೆ 50 ಪಾಲು ನೀರು ಬೆರೆಸಿ ಮೇಲ್ಮೈ ಒರೆಸಿ, ಹತ್ತು ನಿಮಿಷ ಬಿಟ್ಟು ಬರೀ ನೀರಿನ ಬಟ್ಟೆಯಿಂದ ಮತ್ತೊಮ್ಮೆ ಒರೆಸಿ. ಬ್ಲೀಚ್ ಜೊತೆ ಆಸಿಡ್ ಆಗಲಿ ಬೇರೆ ಕ್ಲೀನರ್ ಆಗಲಿ ಸೇರಿಸಬಾರದು, ವಿಷದ ಗಾಳಿ ಏಳುತ್ತದೆ.

ಕುತ್ತಿಗೆ, ಮುಂಗೈ, ಸೊಂಟದಲ್ಲಿ ಉಂಗುರದ ಹಾಗೆ ಕೆಂಪಾಗಿ ತುರಿಸಿದರೆ ಅಂದಿನಿಂದಲೇ ಮ್ಯಾಟ್ ಬಿಡಿ, ಜೊತೆಗಾರರಿಗೂ ಹೇಳಿ. ಔಷಧ ಅಂಗಡಿಯಲ್ಲಿ ಕೇಳಿ ತರುವ ಸ್ಟೀರಾಯ್ಡ್ ಬೆರೆತ ಮುಲಾಮು ಎರಡು ದಿನ ತುರಿಕೆ ತಗ್ಗಿಸಿ ಒಳಗೊಳಗೇ ಹುಳಕಡ್ಡಿಯನ್ನು ಹರಡಿಸುತ್ತದೆ. ಚರ್ಮದ ವೈದ್ಯರು ಬರೆದುಕೊಟ್ಟ ಔಷಧವನ್ನು ಅವರು ಹೇಳಿದಷ್ಟು ದಿನ ಪೂರ್ತಿ ಹಚ್ಚಿ. ಮರಳುವ ದಿನವನ್ನೂ ಅವರನ್ನೇ ಕೇಳಿ, ಕಲೆ ಮಾಸಿತೆಂದು ನೀವೇ ತೀರ್ಮಾನಿಸಬೇಡಿ.